ಮಲ್ಲೇಶಿ ಕಾಕಾನ ಹಣೆಗೆ ಆಯಿಯ ಎಣ್ಣೆ

ಔಡಲ ಎಣ್ಣೆ ಕಾಯುವಾಗ ಒಂದು ವಾಸನೆ ಬರುತ್ತದೆ. ಅದನ್ನು ಒಳ್ಳೆಯ ವಾಸನೆ ಎಂದು ಯಾರೂ ಹೇಳಲಾರರು. ಅದಕ್ಕೆ ಕೊಬ್ಬರಿ ಎಣ್ಣೆ ಸೇರಿ, ಮೆಂತ್ಯ ಬಿದ್ದು ಕೆಂಪಗಾಗಿ, ದಾಸವಾಳದ ಎಲೆ ಚುರುಗುಟ್ಟಿ, ಕೊನೆಗೆ ಗರಗದ ಸೊಪ್ಪಿನ ರಸ ಸುರಿದರಂತೂ ಪಕ್ಕದ ಮನೆಯವರು ಕಿಟಕಿ ಹಾಕಿಕೊಳ್ಳುತ್ತಾರೆ. ಮೊನ್ನೆ ಹಾವೇರಿಯ ನಮ್ಮ ಬಾಡಿಗೆ ಮನೆಯಲ್ಲಿ ಹಾಗೇ ಆಯಿತು. ನನ್ನ ಗಂಡನಿಗೆ ಹಣೆಯ ಎರಡೂ ಮೂಲೆಯಲ್ಲಿ ಕೂದಲು ಹಿಂದೆ ಸರಿಯತೊಡಗಿದೆ. ಮೊಬೈಲಿನಲ್ಲಿ ಯಾರೋ ಹೇಳಿದರೆಂದು ಬೆರಳುದ್ದದ ಬಾಟಲಿಯಲ್ಲಿ ರೋಜ್‌ಮರಿ ಎಣ್ಣೆ ತರಿಸಿ, ಕನ್ನಡಿಯ ಮುಂದೆ ನಿಂತು ಹನಿ ಹನಿಯಾಗಿ ಹಚ್ಚಿಕೊಳ್ಳುತ್ತಿದ್ದರು. ನೋಡಿ ನೋಡಿ ನನಗೆ ಸಾಕಾಯಿತು. ಬ್ಯಾಡಗಿಯ ಹೆಣ್ಣನ್ನು ಮಾಡಿಕೊಂಡು ಹನಿ ಲೆಕ್ಕದಲ್ಲಿ ಎಣ್ಣೆ ಹಚ್ಚಿಕೊಳ್ಳುವ ಗತಿ ಯಾಕೆ ಬೇಕು? ಒಲೆಯ ಮೇಲೆ ಬಾಣಲೆ ಇಟ್ಟೆ. ವಾಸನೆ ಎದ್ದದ್ದೇ ತಡ, ನಾನು ನಮ್ಮ ಹಳೆಯ ಮನೆಯ ಪಡಸಾಲೆಗೆ ಹೋಗಿ ಕೂತಿದ್ದೆ.

ಬ್ಯಾಡಗಿಯ ಆ ಮನೆ ಈಗಿಲ್ಲ. ಅದರ ಜಾಗದಲ್ಲಿ ಮೆಣಸಿನಕಾಯಿ ಇಡುವ ಕೋಲ್ಡ್ ಸ್ಟೋರೇಜ್ ಎದ್ದಿದೆ. ಬಿರುಬೇಸಿಗೆಯಲ್ಲೂ ಅದರೊಳಗೆ ಸ್ವೆಟರ್ ಹಾಕಿಕೊಂಡು ಹೋಗಬೇಕಂತೆ. ನಾವು ಸಾಲಾಗಿ ಮಲಗುತ್ತಿದ್ದಲ್ಲಿ ಈಗ ಚೀಲಗಳು ಮಲಗಿವೆ. ನಾನು ಸಣ್ಣವಳಿದ್ದಾಗ ಸುಗ್ಗಿ ಬಂತೆಂದರೆ ಓಣಿಯ ಎಲ್ಲ ಮನೆಗಳಲ್ಲೂ ಮೆಣಸಿನಕಾಯಿಯದೇ ಕಾರುಬಾರು. ವ್ಯಾಪಾರಿಗಳು ಚೀಲ ಇಳಿಸಿ ಹೋಗುವರು, ಹೆಂಗಸರು ಪಡಸಾಲೆಯಲ್ಲಿ ಕಾಲು ಚಾಚಿ ಕೂತು ತೊಟ್ಟು ಮುರಿಯುವರು. ಆ ಗುಂಪಿನ ನಡುವೆ ಆಯಿ. ಆಯಿ ಎಂದರೆ ನನ್ನ ಅಪ್ಪನ ತಾಯಿ. ಹೊರಗಿನವರು ಬಂದರೆ ಸೀನಿ ಸೀನಿ ಸುಸ್ತಾಗುತ್ತಿದ್ದರು, ನಮಗೆ ಏನೂ ಆಗುತ್ತಿರಲಿಲ್ಲ. ಯಾಕೆಂದರೆ ನಮ್ಮೂರ ಕಾಯಿಗೆ ಬಣ್ಣ ಬಹಳ, ಖಾರ ಕಡಿಮೆ. ಅದೇ ಕೈಯನ್ನು ಸೆರಗಿಗೆ ಒರೆಸಿಕೊಂಡು ಮಕ್ಕಳಿಗೆ ತಲೆ ಬಾಚುವುದು, ಕಣ್ಣಿಗೆ ಕಾಡಿಗೆ ಹಚ್ಚುವುದು ಎಲ್ಲ ನಡೆಯುತ್ತಿತ್ತು. ಕೈ ತೊಳೆಯಬೇಕು ಎನ್ನುವ ವಿಚಾರವೇ ಬ್ಯಾಡಗಿಯಲ್ಲಿ ಯಾರ ತಲೆಗೂ ಬಂದಿರಲಿಲ್ಲ.

ಮಲ್ಲೇಶಿ ಕಾಕಾ ಅಪ್ಪನ ತಮ್ಮ. ಪೇಟೆಯಲ್ಲಿ ಪಂಪ್‌ಸೆಟ್ಟಿನ ಮೋಟಾರು ರಿಪೇರಿಯ ಅಂಗಡಿ ಇಟ್ಟಿದ್ದ. ಎತ್ತರದ ಆಳು, ನಗುಮುಖ, ಒಳ್ಳೆಯ ದುಡಿಮೆ. ಒಂದೇ ಕೊರತೆಯೆಂದರೆ ಇನ್ನೂ ಲಗ್ನವಾಗುವ ಮೊದಲೇ ಕೂದಲು ಹಣೆ ಬಿಟ್ಟು ನೆತ್ತಿಯ ಕಡೆ ದಾರಿ ಹಿಡಿದಿತ್ತು. ಎರಡು ಕಡೆ ಹೆಣ್ಣು ನೋಡಿ ಬಂದರೆ ಎರಡೂ ಕಡೆಯವರು ‘ಹುಡುಗನ ವಯಸ್ಸು ಹೆಚ್ಚು ಕಾಣುತ್ತದೆ’ ಎಂದು ಹೇಳಿ ಕಳಿಸಿದ್ದರು. ಅಂದಿನಿಂದ ಕಾಕಾ ಕನ್ನಡಿ ನೋಡುವುದನ್ನೇ ಬಿಟ್ಟ. ಆಯಿ ಮಾತ್ರ ಸೊಂಟ ಕಟ್ಟಿ ನಿಂತಳು. “ಬೇರು ಒಣಗಿದ್ರ ಗಿಡಾ ಏನ್ ಮಾಡ್ತೇತಿ? ತಂಪು ಬೇಕದಕ್ಕ, ತಂಪು” ಎನ್ನುತ್ತ ಪ್ರತಿ ರವಿವಾರ ಅವನನ್ನು ಮಣೆಯ ಮೇಲೆ ಕೂರಿಸಿ, ಕಾಯಿಸಿದ ಎಣ್ಣೆಯನ್ನು ಅಂಗೈಯಲ್ಲಿ ಹಿಡಿದು ಹಣೆಯ ಮೂಲೆಗಳಿಗೆ ತಿಕ್ಕುತ್ತಿದ್ದಳು. ಎಂಥ ತಿಕ್ಕು ಅದು, ಕಾಕಾನ ಕತ್ತು ಗಿರಗಿರ ತಿರುಗುತ್ತಿತ್ತು. ನಿಮ್ಮ ಮನೆಯಲ್ಲೂ ಅಂಥ ಒಂದು ಕೈ ಇದ್ದೀತು. ಅದು ತಲೆಯ ಮೇಲೆ ಬಿದ್ದರೆ ದೊಡ್ಡವರೂ ಕಣ್ಣು ಮುಚ್ಚಿ ಮಕ್ಕಳಾಗುತ್ತಾರೆ.

ಆಗ ಬಂದದ್ದು ಮೇಡ್ಲೇರಿಯ ಸಂಬಂಧ. ಹುಡುಗಿಯ ಹೆಸರು ಗಿರಿಜಾ. ಈ ಸಲ ಅಜ್ಜ ಒಂದು ಉಪಾಯ ಹೂಡಿದ. ತನ್ನ ಬಿಳಿ ಟೊಪ್ಪಿಗೆಯನ್ನು ಇಸ್ತ್ರಿ ಮಾಡಿಸಿ ಕಾಕಾನ ತಲೆಗೆ ಇಟ್ಟ. ಕಾಕಾ ಒಲ್ಲೆ ಒಲ್ಲೆ ಎಂದರೂ ಕೇಳಲಿಲ್ಲ. ಮೇಡ್ಲೇರಿಯಲ್ಲಿ ಆದದ್ದೇನೆಂದರೆ, ಆ ಟೊಪ್ಪಿಗೆಯನ್ನು ನೋಡಿಯೇ ಅವರು ಮರುಳಾದರು. ಹುಡುಗಿಯ ಸೋದರಮಾವ ಎಲ್ಲರ ಮುಂದೆ, “ಈಗಿನ ಕಾಲದಾಗ ಹಿರ್ಯಾರ ಮುಂದ ಟೊಪ್ಪಿಗಿ ಹಾಕ್ಕೊಂಡ ಕುಂದ್ರೂ ಹುಡುಗ್ರು ಎಲ್ಲಿ ಸಿಗ್ತಾರ್ರಿ?” ಎಂದು ಹೊಗಳಿದರು. ಕಾಕಾ ನೆಲ ನೋಡುತ್ತ ಕೂತಿದ್ದನಂತೆ. ಅದೂ ವಿನಯದ ಲೆಕ್ಕಕ್ಕೇ ಸೇರಿತು. ಹುಡುಗಿ ಹೂಂ ಅಂದಳು. ಮನೆಗೆ ಬಂದ ಕಾಕಾ ಅನ್ನ ಕಲಸುತ್ತ ಕೂತೇಬಿಟ್ಟ, ಉಣ್ಣಲಿಲ್ಲ. ಆ ಹುಡುಗಿ ಅವನ ಮನಸ್ಸಿಗೆ ಬಂದಿದ್ದಳು, ಟೊಪ್ಪಿಗೆ ತೆಗೆದ ದಿನ ಕೈ ತಪ್ಪುತ್ತಾಳೆ ಎನ್ನುವ ಭಯವೂ ಆ ಹೊತ್ತಿಗೇ ಹೊಕ್ಕಿತ್ತು.

ನಮ್ಮ ಕಡೆ ಹೆಣ್ಣು ಒಪ್ಪಿಗೆಯಾದ ಮೇಲೆ ಅವರ ಕಡೆಯವರು ಮನೆ ನೋಡಲು ಬರುತ್ತಾರೆ. ಅವರು ಬರುವ ರವಿವಾರ ಬೆಳಿಗ್ಗೆ ಆಯಿ, ಇವತ್ತೊಂದು ಸಲ ತಿಕ್ಕಿದರೆ ಇದ್ದ ಕೂದಲಾದರೂ ಕಪ್ಪಗೆ ಮಿಂಚೀತು ಎಂದು ಕಾಕಾನನ್ನು ಕೂರಿಸಿದಳು. ಆ ಹೊತ್ತಿಗೆ ಆಕೆ ತೊಟ್ಟು ಮುರಿಯುತ್ತಿದ್ದವಳು ಹಾಗೇ ಎದ್ದು ಬಂದಿದ್ದಳು. ಎಂದಿನಂತೆ ಕೈಯನ್ನು ಸೆರಗಿಗೆ ಒರೆಸಿಕೊಂಡಳು, ಎಂದಿನಂತೆ ಬಿಸಿ ಎಣ್ಣೆ ಹಿಡಿದು ತಿಕ್ಕಿದಳು. ಆದರೆ ಆ ದಿನ ವ್ಯಾಪಾರಿ ಇಳಿಸಿ ಹೋಗಿದ್ದು ನಮ್ಮೂರ ಕಾಯಿಯಲ್ಲ, ಗುಂಟೂರಿನದು. ಅದರ ಖಾರವನ್ನು ಕೇಳಲೇಬೇಡಿ. ಸ್ವಲ್ಪ ಹೊತ್ತು ಕಾಕಾ ಸುಮ್ಮನೆ ಕೂತಿದ್ದ. ಆಮೇಲೆ ಮಣೆಯಿಂದ ಎದ್ದ. ಆಮೇಲೆ ಅಂಗಳದಲ್ಲಿ ಓಡತೊಡಗಿದ. ನೀರು ಸುರಿದಷ್ಟೂ ಉರಿ ಏರಿತು. ಅವ್ವ ಮಜ್ಜಿಗೆ ತಂದಳು, ಓಣಿಯವರು ಮೊಸರು ತಂದರು. ಹಣೆ ನೆತ್ತಿ ಎಲ್ಲ ಕಾದ ಹಂಚಿನಂತೆ ಕೆಂಪಾಯಿತು. ಅಷ್ಟರಲ್ಲಿ ಮೇಡ್ಲೇರಿಯವರ ಜೀಪು ಬಂದು ಬಾಗಿಲಿಗೆ ನಿಂತಿತು.

ಅಜ್ಜ ಟೊಪ್ಪಿಗೆ ಹಿಡಿದು ಓಡಿ ಬಂದ. ಅದು ತಲೆಗೆ ತಾಗಿದ್ದೇ ಕಾಕಾ ಕಿತ್ತು ಅಟ್ಟಕ್ಕೆ ಎಸೆದ. ಹಾಗೇ ಬರಿದಲೆಯಲ್ಲಿ, ಮೊಸರು ಒಣಗಿದ ಹಣೆಯಲ್ಲಿ ಬಂದು ಕೈ ಮುಗಿದ. ಸೋದರಮಾವ ಅವನನ್ನು ಮೇಲಿಂದ ಕೆಳಗೆ ನೋಡಿ, “ಅವತ್ತ ಟೊಪ್ಪಿಗಿ ಹಾಕಿದ್ದು ಹಿರ್ಯಾರ ಮರ್ಯಾದಿಗೋ, ಇದನ್ನ ಮುಚ್ಚಾಕೋ?” ಎಂದು ಕೇಳಿದರು. ಅಜ್ಜ, “ಎರಡಕ್ಕೂ ಆತಲ್ರೀ” ಎಂದು ನಗಲು ನೋಡಿದ, ಯಾರೂ ನಗಲಿಲ್ಲ. “ಕೂದ್ಲದ ಮಾತಲ್ರಿ ಇದು. ಇದನ್ನ ಮುಚ್ಚಿದವ್ರು ಮತ್ತೇನೇನು ಮುಚ್ಚೀರಿ ಅಂತ ನಾವು ಹೆಂಗ ತಿಳೀಬೇಕು?” ಎಂದರು ಅವರು. ಚಹಾ ಕುಡಿದರು, ಹೋಳಿಗೆ ಮುಟ್ಟಲಿಲ್ಲ, ಜೀಪು ಹತ್ತಿದರು. ನಮ್ಮ ಮನೆಯಲ್ಲಿ ಆ ದಿನ ಯಾರೂ ಯಾರ ಮುಖವನ್ನೂ ನೋಡಲಿಲ್ಲ. ಆಯಿ ಒಬ್ಬಳೇ ಒಲೆಯ ಮುಂದೆ ಕೂತು, “ಎಣ್ಣಿದೇನೂ ತಪ್ಪಿಲ್ಲ. ಎಲ್ಲಾ ಆ ಗುಂಟೂರಿಂದು” ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು. ಆಕೆ ಅಳುವಾಗಲೂ ಸೋಲು ಒಪ್ಪುತ್ತಿರಲಿಲ್ಲ.

ಮರುದಿನ ಕಾಕಾ ಅಂಗಡಿ ತೆರೆಯಲಿಲ್ಲ. ಸ್ನಾನ ಮಾಡಿ, ಒಗೆದ ಅಂಗಿ ಹಾಕಿ, ಮೇಡ್ಲೇರಿಗೆ ಹೋಗುತ್ತೇನೆ ಎಂದ. ಅಜ್ಜ ಬೇಡವೆಂದ, ಅಪ್ಪ ಬೇಡವೆಂದ. ಆಯಿ ಮಾತ್ರ ನನಗೆ ಲಂಗ ತೊಡಿಸಿ, “ಕೂಸಿನ್ನ ಕರ್ಕೊಂಡ ಹೋಗು. ಕೂಸಿನ ಮುಂದ ಯಾರೂ ಬಾಗಲಾ ಹಾಕಂಗಿಲ್ಲ” ಎಂದಳು. ರಾಣೆಬೆನ್ನೂರಿನಲ್ಲಿ ಇಳಿದು ಬಸ್ಸು ಬದಲಿಸಿದೆವು. ಮೇಡ್ಲೇರಿ ಮುಟ್ಟುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು. ಆ ಸುಟ್ಟ ಹಣೆಗೆ ಒಂದು ವಸ್ತ್ರವನ್ನೂ ಅಡ್ಡ ಹಿಡಿಯದೆ ಕಾಕಾ ಊರ ನಡುವೆ ನಡೆದ. ಕಟ್ಟೆಯ ಮೇಲೆ ಕೂತವರೆಲ್ಲ ತಿರುಗಿ ನೋಡಿದರು. ನನಗೆ ನಾಚಿಕೆಯಾಗಿ ಅವನ ಬೆನ್ನ ಹಿಂದೆ ಅಡಗಿ ನಡೆದೆ.

ಅವರ ಮನೆಯಲ್ಲಿ ಸೋದರಮಾವನೂ ಇದ್ದರು. ಕುಂದ್ರಿ ಎಂದು ಯಾರೂ ಅನ್ನಲಿಲ್ಲ. ಕಾಕಾ ನಿಂತೇ ಮಾತಾಡಿದ. “ಕೂದ್ಲಾ ಹೋಗ್ಯಾವ್ರಿ, ಇನ್ನೂ ಹೊಕ್ಕಾವ. ಅದು ನನ್ನ ಕೈಯಾಗಿಲ್ಲ. ಮುಚ್ಚಿದ್ದು ಮಾತ್ರ ನನ್ನ ಕೈಯಾಗಿತ್ತು, ಅದು ತಪ್ಪಾತು. ಮತ್ತೇನೂ ಮುಚ್ಚಿಲ್ರಿ. ಹುಡುಗಿ ಈಗ ನೋಡ್ಲಿ. ಒಲ್ಲೆ ಅಂದ್ರ ಇದ ದಾರೀಲೆ ಹೊಳ್ಳಿ ಹೊಕ್ಕೇನಿ.” ಕಾಕಾ ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ. ಹುಡುಗಿಯ ಅಪ್ಪ ಸೋದರಮಾವನ ಮುಖ ನೋಡಿದರು, ಸೋದರಮಾವ ತೊಲೆ ನೋಡಿದರು. ಆಗ ಅಡುಗೆಮನೆಯ ಬಾಗಿಲಿಗೆ ಗಿರಿಜಾ ಬಂದು ನಿಂತಳು. ದನಿ ಏರಿಸಲೇ ಇಲ್ಲ. “ಅವತ್ತ ಅಪ್ಪನ ಕಾಲಿಗೆ ಬೀಳುವಾಗ ಟೊಪ್ಪಿಗಿ ಹಿಂದ ಸರದಿತ್ತು, ಮಾವಾ. ನಾ ಆವಾಗ ನೋಡೇನಿ. ನೋಡೇ ಹೂಂ ಅಂದೇನಿ. ಬಿಸಲಾಗ ಬಂದಾರ, ಮೊದ್ಲ ನೀರ ಕೊಡ್ರಿ. ಆಮ್ಯಾಲ ತಾರೀಖ ನೋಡ್ರಿ.”

ಹೊಳ್ಳಿ ಬರುವಾಗ ಬಸ್ಸಿನ ಕಿಟಕಿಯ ಹತ್ತಿರ ಕಾಕಾ ಕೂತಿದ್ದ. ಗಾಳಿ ಹಣೆಗೆ ಹೊಡೆಯುತ್ತಿತ್ತು. ದಾರಿಯುದ್ದಕ್ಕೂ ಕಂಡಕ್ಟರನಿಗೆ, ಮೆಣಸಿನ ಬುಟ್ಟಿಯ ಮುದುಕಿಗೆ, ಎಲ್ಲರಿಗೂ ತಾನೇ ಹೇಳಿದ, “ಲಗ್ನ ಗಟ್ಟಿ ಆತ್ರಿ” ಎಂದು. ರಾಣೆಬೆನ್ನೂರಿನ ಸ್ಟ್ಯಾಂಡಿನಲ್ಲಿ ನನಗೆ ಕಬ್ಬಿನ ಹಾಲು ಕುಡಿಸಿದ. ನನ್ನ ಬದುಕಿನಲ್ಲಿ ಅಷ್ಟು ದೊಡ್ಡ ಗೆಲುವನ್ನು ಹತ್ತಿರದಿಂದ ಮತ್ತೆ ನೋಡಿಲ್ಲ. ಮನೆಗೆ ಬಂದು ಹೇಳಿದರೆ ಆಯಿ ಒಂದೇ ಮಾತು ಕೇಳಿದಳು, “ಹಂಗಾರ ಇನ್ನೊಂದು ಬಾಣಲಿ ಎಣ್ಣಿ ಇಡ್ಲೇನ?”

ಲಗ್ನವಾದ ಮೇಲೆ ಗಿರಿಜಾ ಕಾಕು ಎಣ್ಣೆಯ ಕೆಲಸವನ್ನು ಆಯಿಯ ಜೊತೆ ಹಂಚಿಕೊಂಡಳು. ಮೊದಲು ಕೈಗೆ ಮಜ್ಜಿಗೆ ತಿಕ್ಕಿ ತೊಳೆದು, ಆಮೇಲೆ ಎಣ್ಣೆ ಮುಟ್ಟುವ ನಿಯಮವನ್ನು ಮನೆಗೆ ತಂದವಳು ಆಕೆಯೇ. ಕೂದಲು ಬಂತೇ ಎಂದು ನೀವು ಕೇಳುತ್ತೀರಿ. ಒಂದು ಮಳೆಗಾಲದಲ್ಲಿ ಹಣೆಯ ಎಡ ಮೂಲೆಯಲ್ಲಿ ಕೂಸಿನ ತಲೆಯಲ್ಲಿರುವಂಥ ನವಿರು ಕೂದಲು ಎದ್ದದ್ದು ಖರೆ. ಆಯಿ ಕಾಕಾನನ್ನು ಅಂಗಳದ ಬಿಸಿಲಿಗೆ ನಿಲ್ಲಿಸಿ ಓಣಿಯವರನ್ನೆಲ್ಲ ಕರೆದು ತೋರಿಸಿದಳು. ಕಾಕಾ ಜಾತ್ರೆಯ ಎತ್ತಿನಂತೆ ನಿಂತು ತೋರಿಸಿಕೊಂಡ. ಮುಂದೆ ಅವೂ ಹೋದವು. ವರ್ಷಗಳು ಕಳೆದು ನೆತ್ತಿಯೆಲ್ಲ ನುಣ್ಣಗಾಗಿ, ಕಿವಿಯ ಸುತ್ತ ಒಂದು ಗೆರೆ ಮಾತ್ರ ಉಳಿಯಿತು. ರವಿವಾರದ ಎಣ್ಣೆ ಒಂದು ವಾರವೂ ನಿಲ್ಲಲಿಲ್ಲ.

ಅಜ್ಜ ಹೋದ, ಮನೆ ಮಾರಿದೆವು, ಕಾಕಾ ರಾಣೆಬೆನ್ನೂರಿಗೆ ಅಂಗಡಿ ಬದಲಿಸಿದ, ಆಯಿಯೂ ಅವನ ಜೊತೆ ಹೋದಳು. ಕೊನೆಯ ವರ್ಷ ಆಕೆಗೆ ಕಣ್ಣು ಕಾಣುತ್ತಿರಲಿಲ್ಲ. ಒಂದು ರವಿವಾರ ನಾನು ಹೋಗಿದ್ದಾಗ ಕಾಕಾ ಆಕೆಯ ಮಂಚದ ಬದಿಗೆ ನೆಲದ ಮೇಲೆ ಕೂತು ತಲೆ ಒಡ್ಡಿದ. ಆಯಿ ಹಣೆಯಿಂದ ಹಿಂದಲೆಯವರೆಗೆ ನಿಧಾನವಾಗಿ ಕೈಯಾಡಿಸಿದಳು. ಕೈ ಎಲ್ಲಿಯೂ ತಡೆಯಲಿಲ್ಲ. ಆಕೆ ನೊಂದುಕೊಳ್ಳುತ್ತಾಳೇನೋ ಎಂದು ಕಾಕು ಎಣ್ಣೆಯ ಬಟ್ಟಲು ಹಿಡಿದು ಹತ್ತಿರ ಬಂದಳು. “ಈಗ ಹಚ್ಚೂದು ಭಾಳ ಸಸಾರ ಆತು ನೋಡಪಾ” ಎಂದಳು ಆಯಿ, “ಎಣ್ಣಿನೂ ಉಳೀತೇತಿ.” ಕಾಕಾ ನಕ್ಕು ನಕ್ಕು ಕಣ್ಣು ಒರೆಸಿಕೊಂಡ.

ಆ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ನಮ್ಮಲ್ಲಿ ತಾಯಿ ಹೋದರೆ ಗಂಡುಮಕ್ಕಳು ತಲೆ ಬೋಳಿಸಿಕೊಳ್ಳಬೇಕು. ಅಪ್ಪನದು ಮುಗಿಯಿತು. ಕಾಕಾ ಹೋಗಿ ಕೂತಾಗ ಕ್ಷೌರದವನು ಆ ತಲೆಯನ್ನು ನೋಡಿ, ಕತ್ತಿ ಹಿಡಿದ ಕೈಯನ್ನು ಹಾಗೇ ಇಳಿಸಿ, “ಏನ್ ತಗೀಲಿ ಅಣ್ಣಾರ, ನೀರ ಅಷ್ಟ ಹಚ್ಚಿ ಬಿಡ್ತೇನಿ” ಎಂದು ಮೆಲ್ಲಗೆ ಹೇಳಿದ. ಕಾಕಾ ಎರಡೂ ಕಿವಿಯ ಹಿಂದೆ ಉಳಿದಿದ್ದನ್ನು ಬೆರಳಿನಿಂದ ಮುಟ್ಟಿ ನೋಡಿಕೊಂಡ.

“ಹಂಗ ಬಿಡಬ್ಯಾಡಪಾ, ಇದ್ದಷ್ಟೂ ತಗಿ. ಇವಷ್ಟೂ ನಮ್ಮವ್ವ ಬೆಳಸಿದ್ದು” ಎಂದ.

ಅವನು ನೀರು ಹಚ್ಚಿ, ಹಿಂದಿನಿಂದ ಶುರು ಮಾಡಿದ.