ನೆಲಮಟ್ಟದ ಮನೆ

ಗಂಡ ತೀರಿಕೊಂಡ ಮೇಲೆ ರೈಲ್ವೆ ಕ್ವಾರ್ಟರ್ಸ್ ಬಿಡಬೇಕಾಯಿತು. ರೈಲಿನ ಹೊದಿಕೆ ಒಗೆಯುವ ಲಾಂಡ್ರಿಯಲ್ಲಿ ಅವಳಿಗೆ ಬರುತ್ತಿದ್ದ ಸಂಬಳಕ್ಕೆ ಸಿಕ್ಕಿದ್ದು ಮೂರನೇ ಮಹಡಿಯ ಒಂದು ಕೋಣೆ. ಮಂಡಿ ಹಿಡಿದುಹೋಗಿದ್ದ ಅತ್ತೆಯನ್ನು ಇಬ್ಬರು ಹಮಾಲರು ಕುರ್ಚಿಯಲ್ಲಿ ಕೂರಿಸಿ ಹೊತ್ತು ತಂದರು.

"ಮದುವೇಲೂ ನನ್ನನ್ನ ಯಾರೂ ಹೀಗೆ ಮೆರೆಸಿರಲಿಲ್ಲ" ಎಂದು ಅತ್ತೆ ನಕ್ಕರು. ಆಮೇಲೆ ಎರಡು ವರ್ಷ ಅವರು ಕೆಳಗಿಳಿಯಲೇ ಇಲ್ಲ. ದಿನವಿಡೀ ಕಿಟಕಿಯ ಹತ್ತಿರ ಕೂತಿರುತ್ತಿದ್ದರು.

ಅದು ಸೊಸೆಗೆ ಸೆರೆವಾಸದಂತೆ ಕಾಣುತ್ತಿತ್ತು. ರಜೆ ಸಿಕ್ಕಾಗಲೆಲ್ಲ ಊರೆಲ್ಲ ಅಲೆದು, ಕೊನೆಗೆ ಗೂಡ್ಸ್ ಶೆಡ್ ಹಿಂದೆ ಕೈಗೆಟುಕುವ ಬಾಡಿಗೆಗೆ ನೆಲಮಟ್ಟದ ಮನೆಯೊಂದನ್ನು ಗೊತ್ತುಮಾಡಿದಳು. ಓಡೋಡಿ ಬಂದು, "ಅತ್ತೆ, ಇನ್ಮೇಲೆ ನೀವು ಅಂಗಳದಲ್ಲಿ ಕೂತ್ಕೋಬಹುದು" ಎಂದಳು.

ಅತ್ತೆಯ ಮುಖ ಸಣ್ಣದಾಯಿತು. "ಬೇಡ ಕಣೇ. ಇಲ್ಲಿಂದಾದ್ರೆ ಅವನ ಕ್ಯಾಬಿನ್ ಕಾಣುತ್ತೆ."

ಗಂಡ ಸಿಗ್ನಲ್ ಎಳೆಯುತ್ತಿದ್ದ ಆ ಕ್ಯಾಬಿನ್ ಕಣ್ಣಿಗೆ ಬೀಳದಿರಲೆಂದೇ ಸೊಸೆ ಇಷ್ಟು ದಿನ ಕಿಟಕಿಯತ್ತ ಸುಳಿದಿರಲಿಲ್ಲ.

ಮರುದಿನ ಹೋಗಿ ಆ ಮನೆ ಬೇಡವೆಂದಳು. "ಇಷ್ಟು ಕಮ್ಮಿಗೆ ಇನ್ನೆಲ್ಲಿ ಸಿಗುತ್ತಮ್ಮ?" ಎಂದು ಮಾಲೀಕರು ಕೇಳಿದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಲಾಂಡ್ರಿಗೆ ಹೊತ್ತಾಯಿತೆಂದು ನಡೆದುಬಿಟ್ಟಳು.