ಮನ್ನೂಬಿಯಾ ಖಾಲ್ತಿಯ ಕಣ್ಣು ಚೆನ್ನಾಗಿದೆ

ಬೇರೆಲ್ಲಕ್ಕಿಂತ ಮೊದಲು ಇದನ್ನು ಬರೆದುಬಿಡುತ್ತೇನೆ. ಮನ್ನೂಬಿಯಾ ಖಾಲ್ತಿಯ ಕಣ್ಣು ಚೆನ್ನಾಗಿದೆ. ಮಾಳಿಗೆಯ ಮೇಲೆ ನಿಂತರೆ ಕೆಳಗಿನ ರಸ್ತೆಯಲ್ಲಿ ಬರುತ್ತಿರುವವಳು ಯಾರ ಸೊಸೆ, ಅವಳ ಬುಟ್ಟಿಯಲ್ಲಿರುವುದು ಸಬ್ಬಸಿಗೆಯೋ ಕೊತ್ತಂಬರಿಯೋ ಎಂದು ಅಲ್ಲಿಂದಲೇ ಹೇಳುತ್ತಾರೆ. ಮೊನ್ನೆ ನನ್ನ ಮಗಳು ಯುಸ್ರ್ ಅಂಬೆಗಾಲಿಡುತ್ತಾ ಹೋಗಿ ಪಾಪಸುಕಳ್ಳಿಗೆ ಕೈ ಹಾಕಿದಾಗ, ನಾನು ಕಿಟಕಿಯ ಬೆಳಕಿಗೆ ಹಿಡಿದು ಹುಡುಕಿ ಹುಡುಕಿ ಸೋತ ಮುಳ್ಳನ್ನು ಉಗುರಿನಿಂದಲೇ ಕಿತ್ತು ತೆಗೆದವರು ಅವರು.

ಇಷ್ಟನ್ನು ಬರೆಯಬೇಕಾಗಿ ಬಂತಲ್ಲ ಎಂಬುದೇ ನನ್ನ ಸಿಟ್ಟು. ಈ ರಂಜಾನಿನಲ್ಲಿ ಟುನೀಶಿಯಾದ ಅರ್ಧ ಜನ ಅವರನ್ನು ಕಣ್ಣು ಹೋದ ಮುದುಕಿ ಎಂದು ನಂಬಿ ಕೂತಿದ್ದಾರೆ. ಟೀವಿಯಲ್ಲಿ ಬಂತು, ನಂಬಿದರು.

ಖಾಲ್ತಿ, ಅಂದರೆ ಚಿಕ್ಕಮ್ಮ, ಎಂದು ನಾನು ಕರೆಯುವ ಇವರು ನಮ್ಮ ಮನೆಯ ಮಹಡಿಯಲ್ಲಿರುತ್ತಾರೆ. ನಾನು ಮದುವೆಯಾಗಿ ಅಲ್ ಆಲಿಯಾಕ್ಕೆ ಬಂದಾಗ ನನಗೆ ಕಬ್ಬೂಸ್ ಹೆಣೆಯಲು ಕಲಿಸಿದವರು ಅವರೇ. ಕೆಂಪು ಶೇಷಿಯಾ ಟೋಪಿಯನ್ನು ಎಲ್ಲರೂ ನೋಡಿರುತ್ತಾರೆ, ಅದು ಹುಟ್ಟುವುದು ಬಿಳಿಯ ಉಣ್ಣೆಚೀಲವಾಗಿ, ನಮ್ಮೂರ ಹೆಂಗಸರ ಮಡಿಲಲ್ಲಿ. ಆ ಚೀಲವೇ ಕಬ್ಬೂಸ್. ಐದು ಸೂಜಿಗಳ ಮೇಲೆ ಸುತ್ತಲೂ ಹೆಣೆದ ಅದನ್ನು ತಲೆಗೆ ಹಾಕಿಕೊಂಡರೆ ಹೆಗಲಿಗೆ ಇಳಿಯುತ್ತದೆ. ಇಳಿಯಲೇಬೇಕು. ಇಲ್ಲಿಂದ ಅದು ಅಲ್ ಬತ್ತಾನ್ ಊರಿಗೆ ಹೋಗಿ, ಬಿಸಿನೀರು ಸೋಪಿನಲ್ಲಿ ತುಳಿಸಿಕೊಂಡು ಕುಗ್ಗಿ ದಪ್ಪಗಾಗಿ, ಮುಳ್ಳುಕಾಯಿಯಿಂದ ಬಾಚಿಸಿಕೊಂಡು, ಬಣ್ಣ ಕುಡಿದು, ಕೊನೆಗೆ ಟ್ಯೂನಿಸ್ಸಿನ ಅಂಗಡಿಸಾಲಿನಲ್ಲಿ ಅಚ್ಚಿಗೆ ಏರುತ್ತದೆ. ಮೊದಲೇ ತಲೆಯ ಅಳತೆಗೆ ಹೆಣೆದರೆ ಕೊನೆಗೆ ಕೈಗೆ ಬರುವುದು ಗೊಂಬೆಯ ಟೋಪಿ.

ಖಾಲ್ತಿಯ ಗಂಡ ಕೆಲಸಕ್ಕೆಂದು ಫ್ರಾನ್ಸಿನ ಮಾರ್ಸೇಯಿಗೆ ಹೋದವರು ಅಲ್ಲೇ ಇನ್ನೊಂದು ಸಂಸಾರ ಹೂಡಿದರು. ಸುದ್ದಿ ಬಂದ ದಿನ ಖಾಲ್ತಿ ಹೆಣೆಯುತ್ತಿದ್ದರಂತೆ, ಸುದ್ದಿ ತಂದವನಿಗೆ ಕಾಫಿ ಕೊಟ್ಟು ಕಳಿಸಿ ಮತ್ತೆ ಹೆಣೆದರಂತೆ. ಮಗ ಲಸ್ಸಾದ್‌ನನ್ನು ಓದಿಸಿದ್ದು, ಇಬ್ಬರು ಹೆಣ್ಣುಮಕ್ಕಳನ್ನು ಮದುವೆ ಮಾಡಿದ್ದು, ಸೋರುವ ಮಾಳಿಗೆಗೆ ಗಾರೆ ಹಾಕಿಸಿದ್ದು ಎಲ್ಲವೂ ಆ ಐದು ಸೂಜಿಗಳೇ. ಉಣ್ಣೆಯುಂಡೆಯನ್ನು ಎದೆಯೊಳಗೆ ಸಿಕ್ಕಿಸಿಕೊಂಡು ಬಾವಿಕಟ್ಟೆಗೆ ಹೋಗುವಾಗ, ಸಾವಿನ ಮನೆಯಲ್ಲಿ ಕೂತಾಗ, ನನ್ನ ಹೆರಿಗೆಯ ದಿನ ಆಸ್ಪತ್ರೆಯ ಬೆಂಚಿನ ಮೇಲೂ ಹೆಣೆದವರು. ಹೆಣಿಗೆಯನ್ನು ಅವರು ನೋಡುವುದೇ ಇಲ್ಲ. ಕೈ ಸೂಜಿಯಲ್ಲಿದ್ದರೆ ಕಣ್ಣು ಧಾರಾವಾಹಿಯಲ್ಲಿ. ಇಂಥವರಿಗೆ ಕಣ್ಣು ಕಾಣದೆ ಟೋಪಿ ದೊಡ್ಡದಾಯಿತು ಎಂದರೆ ನಗಬೇಕೋ ಅಳಬೇಕೋ ನೀವೇ ಹೇಳಿ.

ಈ ಸಲದ ರಂಜಾನಿಗೆ ಟೀವಿಯಲ್ಲಿ ಹೊಸ ಕಾರ್ಯಕ್ರಮವೊಂದು ಶುರುವಾಯಿತು, ‘ನಮ್ಮ ಕೈಗಳು’ ಎಂದು. ದಿನಕ್ಕೊಂದು ಕೈಕೆಲಸ. ಬಲೆ ನೇಯುವವರು, ಚಾಪೆ ಹೆಣೆಯುವವರು, ಮಡಕೆ ಮಾಡುವವರು. ನಿರೂಪಕ ಪಕ್ಕದಲ್ಲಿ ಕೂತು ತಾನೂ ಕಲಿಯುತ್ತಾನೆ, ಕೊನೆಗೆ ವೀಕ್ಷಕರು ಫೋನ್ ಮಾಡಿ ಅಭಿಪ್ರಾಯ ಹೇಳುತ್ತಾರೆ. ಇಫ್ತಾರ್ ಮುಗಿದು ಎಲ್ಲರೂ ಹೊಟ್ಟೆ ತುಂಬಿ ಒರಗಿಕೊಂಡಿರುವ ಹೊತ್ತಿಗೆ ಸರಿಯಾಗಿ.

ಚಿತ್ರೀಕರಣಕ್ಕೆ ಟೀವಿಯವರು ಬಂದದ್ದು ಉಪವಾಸದ ತಿಂಗಳಿಗೆ ಮುಂಚೆ. ಖಾಲ್ತಿ ಬಾದಾಮಿ ಸಿಹಿ ಮಾಡಿಟ್ಟು, ಮೂಲೆ ಮೂಲೆ ಗುಡಿಸಿ, ಕುಗ್ಗುವುದನ್ನೂ ತುಳಿಯುವುದನ್ನೂ ನಿಧಾನವಾಗಿ ಬಿಡಿಸಿ ಹೇಳಿದರು. ಸೋಪಿಗೆ ಮೊದಲು ಇಷ್ಟು, ಸೋಪಿನ ನಂತರ ಇಷ್ಟು ಎಂದು ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದರು. ನಾನು ಅಲ್ಲೇ ಮಗುವಿಗೆ ಹಾಲೂಡಿಸುತ್ತಾ ಕೂತಿದ್ದೆ, ಕಿವಿಯಾರೆ ಕೇಳಿದ್ದೇನೆ. ನಿರೂಪಕ ಒಂದು ಕಬ್ಬೂಸನ್ನು ತಲೆಗೆ ಎಳೆದುಕೊಂಡು ಹೆಗಲವರೆಗೆ ಮುಚ್ಚಿಕೊಂಡ. ಮನೆಗೆ ಬಂದ ಹುಡುಗ ಎಂದು ಖಾಲ್ತಿಯೂ ನಕ್ಕರು.

ಪ್ರಸಾರವಾದ ಸಂಜೆ ಅವರು ನಮ್ಮಲ್ಲೇ ಉಪವಾಸ ಬಿಟ್ಟರು. ಹಬ್ಬಕ್ಕೆಂದು ತೆಗೆದಿಟ್ಟಿದ್ದ ರೇಷ್ಮೆಯ ಮೇಲುವಸ್ತ್ರ ಹೊದ್ದಿದ್ದರು. ಟೀವಿಯಲ್ಲಿ ಅವರ ಮುಖ ಬಂತು, ಕೆಳಗೆ ‘ಅಜ್ಜಿಯ ಹವ್ಯಾಸ’ ಎಂಬ ಅಕ್ಷರ ಬಂತು, ಆ ಹುಡುಗ ಚೀಲದೊಳಗೆ ತಲೆ ಹಾಕಿ ತಡವರಿಸುವುದು ಬಂತು. ಅಷ್ಟೇ. ನಾನು ಸೌಟು ಕೆಳಗಿಡುವಷ್ಟರಲ್ಲಿ ಟ್ಯೂನಿಸ್ಸಿನ ಅಂಗಡಿ ಬಂದಾಗಿತ್ತು. ಕೆಂಪು ಟೋಪಿಯನ್ನು ಅಲ್ಲಿನ ಯಜಮಾನರು ‘ಉಣ್ಣೆಯಿಂದ’ ತಯಾರಿಸುತ್ತಾರಂತೆ. ಉಣ್ಣೆ ತನ್ನಷ್ಟಕ್ಕೆ ಟೋಪಿಯಾಗಿ ನಡೆದುಕೊಂಡು ಅವರ ಅಂಗಡಿಗೆ ಬರುತ್ತದೆ ಎನ್ನುವ ಹಾಗೆ.

ಆಮೇಲೆ ಫೋನುಗಳು. ಗಾಬೆಸ್‌ನಿಂದ ಒಬ್ಬ, “ಆ ಅಜ್ಜಿ ಒಂಟೆಗೆ ಟೋಪಿ ಹೆಣೀತಿದಾರೆ ಅಂತ ನಮ್ಮನೇಲಿ ಪಂದ್ಯ ಕಟ್ಟಿದೀವಿ. ಸ್ವಲ್ಪ ಹೇಳಿಬಿಡಿ” ಅಂದ.

“ಒಂಟೆಗಲ್ಲ ಅಣ್ಣ, ಒಂಟೆಯ ಮಾವನಿಗೆ” ಎಂದ ನಿರೂಪಕ.

ಇನ್ನೊಬ್ಬಳು, “ನಗಬೇಡಿ, ಪಾಪ. ಕೊನೆಗಾಲದಲ್ಲಿ ನಮ್ಮಜ್ಜಿನೂ ಹೀಗೇ. ಕಾಲುಚೀಲ ಅಂತ ಶುರು ಮಾಡಿ ಕಂಬಳಿ ಮಾಡಿಬಿಡೋರು” ಅಂದಳು.

ನನ್ನ ಗಂಡ ಹಾತಿಮ್‌ನ ಮೀಸೆ ಅಲುಗಿತು. ನಾನು ನೋಡಿದ ನೋಟಕ್ಕೆ ನಿಂತಿತು. ಖಾಲ್ತಿ ಮಾತ್ರ ಕರಿದ ತಿಂಡಿಯ ತಟ್ಟೆ ಮುಂದಕ್ಕೆ ಸರಿಸಿ, “ಬ್ರೀಕ್ ಆರಿಹೋಗುತ್ತೆ, ತಿನ್ನಿ” ಎಂದರು. ತುಸು ಹೊತ್ತಿನ ಮೇಲೆ, “ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿದ್ದೆನಲ್ಲೇ ವಿಸಾಲ್, ನೀನೂ ಇದ್ದೆಯಲ್ಲ” ಎಂದು ನನ್ನನ್ನು ಕೇಳಿದರು. ಇದ್ದೆ ಎಂದೆ.

ಆ ತುಣುಕು ಎಲ್ಲರ ಫೋನುಗಳಲ್ಲಿ ಓಡಾಡಿತು. ಟ್ಯೂನಿಸ್ಸಿನ ವಿಮಾ ಕಚೇರಿಯಲ್ಲಿರುವ ಲಸ್ಸಾದ್ ಮರುದಿನವೇ ಕರೆ ಮಾಡಿದ.

“ಅಮ್ಮ, ಆಫೀಸಲ್ಲಿ ಯಾರ ಫೋನ್ ನೋಡಿದರೂ ನೀನೇ.”

“ನೀನೇನಂದೆ?”

“ಏನನ್ಲಿ?”

“ಕುಗ್ಗುತ್ತೆ ಅನ್ನು. ಒಂದೇ ಮಾತು.”

“ಅದನ್ನೆಲ್ಲ ಯಾರಮ್ಮ ಕೇಳ್ತಾರೆ? ನಾನೇನಾದರೂ ಮಾಡ್ತೀನಿ, ನೀನು ಸುಮ್ಮನಿರು.”

ಅವನು ಮಾಡಿದ್ದು ಏನೆಂದು ಮುಂದಿನ ವಾರ ತಿಳಿಯಿತು. ನಿರೂಪಕ ಮುಖ ಸಣ್ಣದು ಮಾಡಿಕೊಂಡು, ಧ್ವನಿ ತಗ್ಗಿಸಿ ಹೇಳಿದ: ಅಲ್ ಆಲಿಯಾದ ಅಜ್ಜಿಯ ಮನೆಯವರು ನಮಗೆ ಫೋನ್ ಮಾಡಿದ್ದರು, ಆಕೆಗೆ ಕಣ್ಣು ಮಂಜಂತೆ, ಅಳತೆ ತಿಳಿಯುವುದಿಲ್ಲವಂತೆ, ಗೊತ್ತಿಲ್ಲದೆ ನಕ್ಕೆವು, ಕ್ಷಮಿಸಿ.

ನಗುವುದು ನಿಂತಿತು, ನಿಜ. ಅದರ ಜಾಗಕ್ಕೆ ಕರುಣೆ ಬಂತು. ಒಬ್ಬಳು ಗದ್ಗದ ಕಂಠದಲ್ಲಿ ಪ್ರಾರ್ಥನೆ ಹೇಳಿದಳು. ಒಬ್ಬ ಕನ್ನಡಕದಂಗಡಿಯವನು ಪುಕ್ಕಟೆ ಕನ್ನಡಕ ಕೊಡುತ್ತೇನೆಂದ. ಯಾರೋ ಶಸ್ತ್ರಚಿಕಿತ್ಸೆಗೆ ಚಂದಾ ಎತ್ತೋಣ ಎಂದರು. ನಗುವವನಿಗಾದರೂ ಎದುರು ಮಾತಾಡಬಹುದು, ತಲೆ ಸವರುವವನಿಗೆ ಏನು ಹೇಳುವುದು? ಊರಿನವರಿಗೆ ಗೊತ್ತಿಲ್ಲವೇ ಎನ್ನುತ್ತೀರಿ. ಗೊತ್ತು. ಆದರೂ ರೊಟ್ಟಿಯಂಗಡಿಯವನು ಅವರ ಕೈಗೆ ಚಿಲ್ಲರೆ ಕೊಡುವಾಗ ಒಂದೊಂದು ನಾಣ್ಯವನ್ನೂ ಜೋರಾಗಿ ಎಣಿಸಿ ಹೇಳಲು ಶುರುಮಾಡಿದ. ರಸ್ತೆ ದಾಟಿಸುತ್ತೇನೆಂದು ಒಬ್ಬಳು ಮೊಣಕೈ ಹಿಡಿದಳು.

“ಕೈ ಬಿಡೇ. ಹಿಂದಿನಿಂದ ಸೈಕಲ್ ಬರ್ತಿದೆ, ನಿನ್ನ ಮಗನೇ ಹೊಡೀತಿದಾನೆ” ಎಂದರು ಖಾಲ್ತಿ.

ಇದನ್ನೆಲ್ಲ ಸಹಿಸಿದರು. ಸಹಿಸಲಾಗದ್ದು ಸಿ ಹಮ್ಮಾದಿಯ ವ್ಯಾನಿನಲ್ಲಿ ಬಂತು.

ನಾವು ಮರ್ಯಾದೆಗೆ ಸಿ ಹಮ್ಮಾದಿ ಎನ್ನುವ ಈತ ಟ್ಯೂನಿಸ್ಸಿನ ಅಂಗಡಿ ಯಜಮಾನರ ಕಡೆಯಿಂದ ಉಣ್ಣೆ ತಂದು ಮನೆಮನೆಗೆ ಹಂಚುವವನು, ಹೆಣೆದದ್ದನ್ನು ಒಯ್ಯುವವನು. ಆ ದಿನ ಅವನು ನನ್ನ ಮೂಟೆಯನ್ನು ಹೊಸಿಲಲ್ಲಿಟ್ಟು ವ್ಯಾನಿನ ಬಾಗಿಲು ಹಾಕಿದ.

“ಮಹಡಿಯವರದು?” ಅಂದೆ.

“ಅವರು ಇನ್ನು ಆರಾಮಾಗಿರಲಿ ಬಿಡು ತಂಗಿ.”

“ಆರಾಮು ಅಂದ್ರೆ?”

“ನೋಡು, ನನ್ನ ಮೇಲೆ ಕಣ್ಣು ಬಿಡಬೇಡ. ಯಜಮಾನರೆಲ್ಲ ಟೀವಿ ನೋಡಿದಾರೆ. ಕಣ್ಣು ಹೋಗಿರೋರ ಕೈಗೆ ಉಣ್ಣೆ ಕೊಟ್ಟು ಹಾಳು ಮಾಡ್ತೀಯಾ ಅಂತಾರೆ.”

“ಸಿ ಹಮ್ಮಾದಿ, ನೀವು ಅವರ ಕಬ್ಬೂಸ್ ಹೊತ್ತುಕೊಂಡು ಹೋಗ್ತಿರೋದು ನಾನು ಹುಟ್ಟೋಕೆ ಮುಂಚಿನಿಂದ. ಒಂದಾದರೂ ವಾಪಸ್ ಬಂದಿದೆಯಾ?”

“ಬಂದಿಲ್ಲ. ನಾನೂ ಅದನ್ನೇ ಹೇಳಿದೆ. ಅವರ ಮನೆಯೋರೇ ಹೇಳಿದಾರಂತಲ್ಲ, ನೀನ್ಯಾವನು ಅಂದ್ರು. ಮನೆಯೋರು ಹೇಳಿದ ಮೇಲೆ ನನ್ನದೇನಿದೆ?”

ಖಾಲ್ತಿ ಮೆಟ್ಟಿಲ ಮೇಲೆ ನಿಂತು ಎಲ್ಲವನ್ನೂ ಕೇಳಿಸಿಕೊಂಡಿದ್ದರು. ಹಮ್ಮಾದಿ ಅವರನ್ನು ಕಂಡು, “ಬೇಕಾದರೆ ಒಂದು ಕೆಲಸ ಮಾಡೋಣ ಹಾಜ್ಜಾ, ನನ್ನೆದುರಿಗೆ ಒಂದು ಸಾಲು ಹೆಣೆದು ತೋರಿಸಿ, ನಾನು ಹೋಗಿ ಹೇಳ್ತೀನಿ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ.

“ತೋರಿಸಲ್ಲ” ಎಂದರು. ಅಷ್ಟೇ ಹೇಳಿ ಮೇಲೆ ಹೋದರು.

ನಾನು ನನ್ನ ಮೂಟೆಯನ್ನು ಎತ್ತಿ ಅವನ ವ್ಯಾನಿಗೆ ಹಾಕಿದೆ. ನಮಗೂ ಆ ಉಣ್ಣೆ ಬೇಕಿತ್ತು, ಹಬ್ಬ ಹತ್ತಿರ ಬಂದಿತ್ತು, ಯುಸ್ರ್‌ಗೆ ಬೂಟು ಕೊಳ್ಳುವುದಿತ್ತು. ಹಾತಿಮ್ ಸಂಜೆ ಬಂದು ಏನೂ ಅನ್ನಲಿಲ್ಲ, ಅನ್ನದೆ ಇದ್ದದ್ದು ಅವನ ಪುಣ್ಯ.

ಶುಕ್ರವಾರ ಲಸ್ಸಾದ್ ಇಫ್ತಾರಿಗೆ ಊರಿಗೆ ಬಂದ. ಖಾಲ್ತಿ ನಮ್ಮನ್ನೂ ಮೇಲೆ ಕರೆದಿದ್ದರು. ಬಿಸಿ ಶೋರ್ಬಾ ಸೂಪು ಬಡಿಸಿ, ಅವನು ಖರ್ಜೂರ ತಿಂದು ಮಜ್ಜಿಗೆ ಕುಡಿಯುವವರೆಗೂ ಕಾದರು.

“ಟೀವಿಯವರಿಗೆ ಫೋನ್ ಮಾಡಿದ್ದು ನೀನು.”

“ನಗೋದು ನಿಲ್ತಲ್ಲಮ್ಮ.”

“ನಗು ನಿಲ್ತು. ಉಣ್ಣೆನೂ ನಿಲ್ತು.”

ಅವನಿಗೆ ಅದು ಗೊತ್ತಿರಲಿಲ್ಲ. ಹಮ್ಮಾದಿಯ ವಿಷಯ ನಾನು ಹೇಳಿದೆ. ಅವನು ಚಮಚ ಆಡಿಸುತ್ತಾ, “ಹೋಗಲಿ ಬಿಡಮ್ಮ. ಇನ್ನು ನೀನು ಹೆಣೆದು ಆಗಬೇಕಾದ್ದೇನಿದೆ? ನಾನು ಕಳಿಸ್ತೀನಿ. ಕೂತು ತಿನ್ನು” ಎಂದ.

“ಕೂರಿಸಿ ತಿನ್ನಿಸೋಕೆ ನಾನೇನು ಹಬ್ಬದ ಕುರಿಯಾ?”

“ಅಮ್ಮ, ನೀನು ಅರ್ಥ ಮಾಡ್ಕೋ. ತುಳಿಯೋದು, ಕುಗ್ಗೋದು, ಅದನ್ನೆಲ್ಲ ಯಾರಿಗೆ ಬಿಡಿಸಿ ಹೇಳ್ಲಿ? ಕಣ್ಣು ಅಂದ್ರೆ ಎಲ್ಲರಿಗೂ ತಕ್ಷಣ ಗೊತ್ತಾಗುತ್ತೆ.”

“ಕುರುಡಿಯ ಮಗ ಅನ್ನಿಸಿಕೊಳ್ಳೋಕೆ ನಿನಗೆ ಸುಲಭ ಆಯ್ತು” ಎಂದರು ಖಾಲ್ತಿ. “ಹೆಣೆಯೋಳ ಮಗ ಅನ್ನಿಸಿಕೊಳ್ಳೋಕೆ ಆಗ್ಲಿಲ್ಲ.”

ಧ್ವನಿ ಏರಿರಲಿಲ್ಲ. ಲಸ್ಸಾದ್‌ನ ಕಿವಿ ಮಾತ್ರ ಕೆಂಪಾಯಿತು. ಅವರು ಟೀವಿ ಹಾಕಿದರು. ‘ನಮ್ಮ ಕೈಗಳು’ ಶುರುವಾಗಿತ್ತು, ಕೆಳಗೆ ಫೋನ್ ಸಂಖ್ಯೆ ಓಡುತ್ತಿತ್ತು.

“ಮಾಡು” ಎಂದರು.

“ಈಗಲಾ? ಊಟ ಮಾಡ್ತಾ ಮಾಡ್ತಾ?”

“ಎಲ್ಲರೂ ಊಟ ಮಾಡ್ತಾ ತಾನೇ ಕೇಳಿದ್ದು.”

ಸಾಲು ಉದ್ದವಿತ್ತು. ಫೋನಿನಲ್ಲಿ ಜಾಹೀರಾತಿನ ಹಾಡು ಮತ್ತೆ ಮತ್ತೆ ಬಂತು, ಯುಸ್ರ್ ಅದಕ್ಕೆ ಕೂತಲ್ಲೇ ಕುಣಿದಳು, ಶೋರ್ಬಾ ಕೆನೆಗಟ್ಟಿತು. ಲಸ್ಸಾದ್ ಒಂದೆರಡು ಸಲ ಅಮ್ಮನ ಮುಖ ನೋಡಿದ. ಅವರು ಖಾಲಿ ಸೂಜಿಗಳನ್ನು ಒರೆಸುತ್ತಿದ್ದರು. ಕಡೆಗೆ ಅವನ ಸರದಿ ಬಂತು.

“ಲಸ್ಸಾದ್, ಅಲ್ ಆಲಿಯಾದಿಂದ. ಮನ್ನೂಬಿಯಾ ಅವರ ಮಗ.”

“ಓಹೋ, ನಮ್ಮ ಅಜ್ಜಿಯ ಮಗ. ಹೇಗಿದೆಯಣ್ಣ ಕಣ್ಣು?”

“ಕಣ್ಣಿಗೆ ಏನೂ ಆಗಿಲ್ಲ. ನಾನು ಸುಳ್ಳು ಹೇಳಿದೆ.” ಅವನ ಧ್ವನಿ ಟೀವಿಯಿಂದ ಬೇರೆ ಯಾರದೋ ಎನ್ನುವ ಹಾಗೆ ಕೇಳಿತು. “ಆ ಟೋಪಿ ಅಷ್ಟು ದೊಡ್ಡದಿರಬೇಕಾದ್ದೇ. ತುಳಿದ ಮೇಲೆ ಅರ್ಧಕ್ಕೆ ಇಳಿಯುತ್ತೆ. ಅಮ್ಮ ನಿಮಗೆ ಎರಡನ್ನೂ ತೋರಿಸಿದ್ರು, ನೀವು ಕತ್ತರಿಸಿ ಹಾಕಿದ್ರಿ. ಹವ್ಯಾಸ ಅಂತ ಬರೆದ್ರಿ. ನಾನು ಓದಿದ್ದು ಅದರಿಂದ.”

ನಿರೂಪಕ ಹುಡುಗ ತನ್ನ ಚೆಂದದ ಹಲ್ಲೆಲ್ಲ ತೋರಿಸಿ, “ಏನಣ್ಣ, ಇಫ್ತಾರಿಗೆ ಮುಂಚೆ ಅಮ್ಮ ಕಿವಿ ಹಿಂಡಿದ್ರಾ? ಅಜ್ಜಿ ಚೆನ್ನಾಗಿದಾರೆ ಅಂದ್ರೆ ನಮಗೆಲ್ಲ ಸಂತೋಷ. ಮುಂದಿನ ಕರೆ ಸ್ಫಾಕ್ಸ್‌ನಿಂದ” ಎಂದ. ಸ್ಫಾಕ್ಸ್‌ನವಳು ಬುಟ್ಟಿಗೆ ಬಣ್ಣ ಹಚ್ಚುವುದು ಹೇಗೆಂದು ಕೇಳಿದಳು.

“ಅಷ್ಟೇನಾ?” ಎಂದರು ಖಾಲ್ತಿ.

“ಅಷ್ಟೇ ಅಮ್ಮ.”

“ತಪ್ಪಾಯ್ತು ಅನ್ಲಿಲ್ಲ ಅವನು.”

“ಅವನು ಅನ್ನಲ್ಲ.”

“ಮನೇಲಿ ಯಾರಾದರೂ ಅಂದ್ರಾ?”

ಲಸ್ಸಾದ್ ತಟ್ಟೆ ನೋಡುತ್ತಾ ಅಂದ. ಮೆಲ್ಲಗೆ ಅಂದ, ಆದರೂ ಎಲ್ಲರಿಗೂ ಕೇಳಿಸಿತು. ಖಾಲ್ತಿ ಎದ್ದು ಅವನ ಶೋರ್ಬಾ ತೆಗೆದುಕೊಂಡು ಹೋಗಿ ಬಿಸಿ ಮಾಡಿ ತಂದರು.

ಟೀವಿಯವರ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಆ ತುಣುಕು ಇನ್ನೂ ಓಡಾಡುತ್ತಿದೆ. ಒಂಟೆಯ ಟೋಪಿ ಎಂದು ಮೊನ್ನೆಯೂ ಯಾರೋ ಹಾತಿಮ್‌ಗೆ ಕಳಿಸಿದರು. ತಿಂಗಳಿಡೀ ಕೈಗಳನ್ನು ತೋರಿಸಿ, ಆ ಕೈಗಳ ಬಾಯಿಯನ್ನು ಕತ್ತರಿಸಿ ಬಿಸಾಡುವುದು ಯಾವ ಸೀಮೆಯ ಕೆಲಸ?

ಆದರೆ ಯಜಮಾನರೂ ಊಟ ಮಾಡುತ್ತಾ ಟೀವಿ ನೋಡುವವರೇ. ಹಮ್ಮಾದಿಯ ವ್ಯಾನ್ ಮತ್ತೆ ಬಂತು. ಅವನು ನನ್ನ ಮೂಟೆ ಇಟ್ಟು, ಪಕ್ಕದಲ್ಲಿ ಇನ್ನೊಂದನ್ನೂ ಇಟ್ಟು, ಎಂದಿನಂತೆ ಹೊರಡಲು ನೋಡಿದ.

“ಮೇಲೆ ತಂದಿಡು” ಎಂಬ ಧ್ವನಿ ಮಹಡಿಯಿಂದ ಬಂತು.

ಅವನಿಗೆ ಹೊಟ್ಟೆ ದೊಡ್ಡದು, ನಮ್ಮ ಮೆಟ್ಟಿಲು ಕಡಿದು, ಮೇಲೆ ಉಪವಾಸ ಬೇರೆ. ಆದರೂ ಹೊತ್ತ. ನಾನು ಮಗುವನ್ನು ಸೊಂಟಕ್ಕೆ ಹಾಕಿಕೊಂಡು ಗೋಡೆಗೆ ಸರಿದು ದಾರಿ ಬಿಟ್ಟೆ. ಮೇಲೆ ಅವನು ಏದುಸಿರು ಬಿಡುತ್ತಿರುವುದು ಕೇಳಿಸಿತು, ಖಾಲ್ತಿ ಮೂಟೆಯ ಬಾಯಿ ಬಿಚ್ಚಿ ಕೈ ಹಾಕಿದ್ದು ಕೇಳಿಸಿತು.

“ಇದು ಒರಟು.”

“ಎಲ್ಲರಿಗೂ ಇದೇ ಹಾಜ್ಜಾ.”

“ಎಲ್ಲರಿಗೂ ಇದೇ ಆದರೆ ಎಲ್ಲರದನ್ನೂ ಬದಲಾಯಿಸು. ಕೆಳಗೆ ವಿಸಾಲ್‌ದೂ ತಗೊಂಡು ಹೋಗು.”

ಹಮ್ಮಾದಿ ಮೂಟೆ ಹೊತ್ತು ಇಳಿದು ಬಂದ. ನಾನು ಮತ್ತೆ ಗೋಡೆಗೆ ಸರಿದೆ.