ಎಕ್ಸ್‌ಚೇಂಜಿನ ಸಾವಿತ್ರಕ್ಕ ಮತ್ತು ನನ್ನ ಬಿ.ಕಾಂ.

ಸಾವಿತ್ರಕ್ಕ ಕುರ್ಚಿಯಲ್ಲಿ ಬೆನ್ನು ಒರಗಿಸಿ ಕೂತದ್ದನ್ನು ನಾನು ನೋಡಿಲ್ಲ. ಗಂಗಾವತಿಯ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಎಂಟು ತಾಸಿನ ಡ್ಯೂಟಿಯನ್ನೂ ಅವರು ಕುರ್ಚಿಯ ಅಂಚಿನಲ್ಲೇ ಮುಗಿಸುತ್ತಿದ್ದರು, ಯಾರೋ ಈಗ ಹೊರಗಿನಿಂದ ಕೂಗುತ್ತಾರೆ ಎಂಬಂತೆ ಒಂದು ಕಾಲು ಮುಂದಿಟ್ಟುಕೊಂಡು. ಕಿವಿಗೆ ಹೆಡ್‌ಸೆಟ್, ಎರಡೂ ಕೈಯಲ್ಲಿ ಬೋರ್ಡಿನ ವೈರುಗಳು. ಒಬ್ಬರನ್ನು ಕಾರಟಗಿಗೆ ಜೋಡಿಸುತ್ತಲೇ ಇನ್ನೊಬ್ಬರನ್ನು ಹೊಸಪೇಟೆಯಿಂದ ಬಿಡಿಸುವರು. ನಡುವೆ ನನ್ನ ಜಡೆ ಬಿಚ್ಚಿದ್ದರೆ ಅದನ್ನೂ ಕಣ್ಣಲ್ಲೇ ತೋರಿಸುವರು.

ಅಕ್ಕಿ ಗಿರಣಿಯ ಸಾಹುಕಾರರೆಲ್ಲ ಅವರ ದನಿಗೆ ಅಂಜುತ್ತಿದ್ದರು. ಸುಗ್ಗಿಯ ಕಾಲದಲ್ಲಿ ಹೈದರಾಬಾದಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಅರ್ಧ ದಿನ ಕಾದ ಒಬ್ಬರು ಒಮ್ಮೆ ಬಾಯಿಗೆ ಬಂದಂತೆ ಬೈದರು. ಸಾವಿತ್ರಕ್ಕ ಪೂರಾ ಕೇಳಿಸಿಕೊಂಡು, "ಸಾವ್ಕಾರ್ರ, ನೀವು ಸಿಟ್ಟಿಗೆದ್ರ ಹೈದರಾಬಾದ ಹತ್ರ ಬರೂದಿಲ್ರಿ" ಎಂದರು. ಮರುದಿನ ಅದೇ ಸಾಹುಕಾರರು ಆನೆಗೊಂದಿಯ ತಮ್ಮ ತೋಟದಿಂದ ಒಂದು ಬಾಳೆಗೊನೆ ಕಳಿಸಿದರು.

ನಾನು ಅಲ್ಲಿ ಸೇರಿದ್ದು ಎಪ್ಪತ್ತರ ದಶಕದ ಕೊನೆಗೆ, ಕೊಪ್ಪಳದಲ್ಲಿ ಕಾಮರ್ಸ್ ಪಿಯುಸಿ ಮುಗಿಸಿದ ಮೇಲೆ. ಕಾಲೇಜು ಬಿಟ್ಟರೂ ಕಾಲೇಜಿನ ಆಸೆ ಬಿಟ್ಟಿರಲಿಲ್ಲ. ಅಂಚೆಯ ಮೂಲಕ ಬಿ.ಕಾಂ. ಓದಬಹುದೆಂದು ತಿಳಿದು ಅರ್ಜಿ ತರಿಸಿದೆ. ತರಿಸಿದ ಅರ್ಜಿ ಚೀಲದಲ್ಲೇ ಉಳಿಯಿತು. ಯಲಬುರ್ಗಾದಲ್ಲಿದ್ದ ಅಣ್ಣ, ಮದುವೆಯಾದ ಮೇಲೆ ಗಂಡ ಓದಿಸಿದರೆ ಓದು ಎಂದು ಬರೆದ. ಡಿಗ್ರಿ ಇದ್ದರೆ ಮೇಲಿನ ಹುದ್ದೆಯ ಪರೀಕ್ಷೆಗಳಿಗೆ ಕೂಡಬಹುದೆಂದು ಎಕ್ಸ್‌ಚೇಂಜಿನ ಒಬ್ಬರು ಹೇಳಿದರೆ, ಒಂದು ವಾರ ಬೆಳಗಿನ ಡ್ಯೂಟಿ, ಒಂದು ವಾರ ಮಧ್ಯಾಹ್ನದ್ದು, ಓದುವುದು ಯಾವಾಗ ಎಂದು ಇನ್ನೊಬ್ಬರು ಕೇಳಿದರು. ಮುಂಜಾನೆ ಓದಲೇಬೇಕೆಂದು ಏಳುತ್ತಿದ್ದೆ. ಸಂಜೆ ಕಾಲು ಚಾಚಿದಾಗ ಯಾಕೆ ಬೇಕು ಈ ಗೊಡವೆ ಅನಿಸುತ್ತಿತ್ತು. ಊಟ ರುಚಿಸಲಿಲ್ಲ. ರಾಯಚೂರಿನ ಕರೆಯನ್ನು ಬಳ್ಳಾರಿಗೆ ಹಚ್ಚಿ ಎರಡೂ ಕಡೆಯಿಂದ ಬೈಸಿಕೊಂಡೆ.

ಒಂದು ಮಧ್ಯಾಹ್ನ ಗಾಳಿಗೆ ಲೈನುಗಳು ಬಿದ್ದು ಬೋರ್ಡು ಸುಮ್ಮನಾಯಿತು. ಸಾವಿತ್ರಕ್ಕ ಹೆಡ್‌ಸೆಟ್ ತೆಗೆದು, ದಿನಾ ಆ ಕಾಗದ ತೆಗೆದು ನೋಡಿ ಮತ್ತೆ ಇಡುತ್ತೀಯಲ್ಲ, ಏನದು ಎಂದು ಕೇಳಿದರು. ಹೇಳಿದೆ. ಆಗ ಅವರು ತಮ್ಮ ಕಥೆ ಬಿಚ್ಚಿದರು. ಅವರ ಗಂಡ ಹನುಮಸಾಗರದಲ್ಲಿ ಶಾಲಾ ಮಾಸ್ತರು. ಮದುವೆಯಾದ ಹೊಸದರಲ್ಲಿ ಸಾವಿತ್ರಕ್ಕ ಖಾಸಗಿಯಾಗಿ ಬಿ.ಎ. ಕಟ್ಟಿ ಮೊದಲ ವರ್ಷ ಪಾಸಾಗಿದ್ದರು. ಮರುವರ್ಷ ಅತ್ತೆ ಹಾಸಿಗೆ ಹಿಡಿದರು. ಅದರ ಮುಂದಿನ ವರ್ಷ ಕೆಲಸ ಸಿಕ್ಕಿತು. ಆಮೇಲೆ ಪ್ರತಿ ವರ್ಷವೂ ಮುಂದಿನ ವರ್ಷ ಎಂದುಕೊಂಡರು.

"ನನಗ ಯಾರೂ ಬ್ಯಾಡ ಅನ್ನಲಿಲ್ಲ ತಂಗಿ. ಬಿಟ್ರ ಏನರ ಆಗತೈತೇನೋ ಅಂತ ನೋಡಿದ್ನಿ. ಏನೂ ಆಗಲಿಲ್ಲ. ಅದ ನೋಡು ತ್ರಾಸು."

"ಹಂಗಾರ ಅರ್ಜಿ ತುಂಬಲೇನ್ರಿ ಅಕ್ಕಾ?"

"ಅದನ್ನ ನನಗ ಕೇಳಬ್ಯಾಡ. ನಾಳೆ ನಪಾಸಾದ್ರ ನನ್ನ ಹೆಸರು ಹೇಳ್ತಿ."

ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಮರುದಿನ ಅರ್ಜಿ ತುಂಬಿ ಅಂಚೆಗೆ ಹಾಕಿದೆ.

ಪಾಠಗಳು ಖಾಕಿ ಲಕೋಟೆಯಲ್ಲಿ ಬರತೊಡಗಿದವು. ಬೇಸಿಗೆಯಲ್ಲಿ ಹತ್ತು ದಿನ ಧಾರವಾಡಕ್ಕೆ ಹೋಗಿ ತರಗತಿಯಲ್ಲಿ ಕೂಡಬೇಕಿತ್ತು. ನಾನು ರಜೆ ಕೇಳುವ ಮೊದಲೇ ಸಾವಿತ್ರಕ್ಕ ನನ್ನ ಡ್ಯೂಟಿಯ ಮುಂದೆ ತಮ್ಮ ಹೆಸರು ಬರೆಸಿದ್ದರು. ಆ ದಿನಗಳಲ್ಲಿ ಅವರಿಗೆ ಜ್ವರವಿತ್ತೆಂದು ನನಗೆ ತಿಳಿದದ್ದು ಬಹಳ ತಡವಾಗಿ, ಅದೂ ಬೇರೆಯವರಿಂದ.

ಎರಡನೆಯ ವರ್ಷ ಕಾಸ್ಟಿಂಗ್ ಪೇಪರಿನಲ್ಲಿ ನಪಾಸಾದೆ. ಧಾರವಾಡದ ಗೆಳತಿ ಎಕ್ಸ್‌ಚೇಂಜಿಗೇ ಫೋನ್ ಮಾಡಿ ತಿಳಿಸಿದಳು. ನಾನು ಯಾರಿಗೂ ಹೇಳಲಿಲ್ಲ. ಇಷ್ಟಕ್ಕೇ ಸಾಕೆಂದು ಪಾಠಗಳನ್ನೆಲ್ಲ ಕಟ್ಟಿ ಮಂಚದ ಕೆಳಗೆ ತಳ್ಳಿದೆ. ರಿಸಲ್ಟ್ ಏನಾಯಿತೆಂದು ಸಾವಿತ್ರಕ್ಕ ಕೇಳಿದಾಗ, ಇನ್ನೂ ಬಂದಿಲ್ಲ ಎಂದು ಸುಳ್ಳು ಹೇಳಿದೆ. ಮೂರು ವಾರ ಅವರ ಪಕ್ಕದಲ್ಲಿ ಕೂತು ಅವರ ಮುಖ ನೋಡದೆ ದಿನ ಕಳೆದೆ. ಮಂಚದ ಕೆಳಗಿನ ಗಂಟನ್ನು ಎಸೆಯಲೂ ಆಗಲಿಲ್ಲ, ಬಿಚ್ಚಲೂ ಆಗಲಿಲ್ಲ.

ಕೊನೆಗೆ ಅವರೇ ಮಾತು ತೆಗೆದರು. "ತಂಗಿ, ಧಾರವಾಡದ ಫೋನು ನಾನ ಹಚ್ಚಿ ಕೊಟ್ಟಿದ್ನಿ. ಕದ್ದು ಕೇಳಲಿಲ್ಲ. ನಿನ್ನ ಮಾರಿ ನೋಡಿದ್ನಿ."

ಹಾಗಾದರೆ ಇಷ್ಟು ದಿನ ಯಾಕೆ ಸುಮ್ಮನಿದ್ದಿರಿ ಎಂದೆ.

"ಬಿಟ್ಟೆ ಅಂತ ನೀನ ಬಾಯಿಬಿಟ್ಟು ಹೇಳ್ತಿಯೇನೋ ಅಂತ ಕಾದೆ. ಹೇಳಲಿಲ್ಲ. ಅಂದ್ರ ನೀ ಇನ್ನಾ ಬಿಟ್ಟಿಲ್ಲ."

ಮನೆಗೆ ಹೋಗಿ ಗಂಟು ಬಿಚ್ಚಿದೆ.

ನಾನು ಪಾಸಾಗುವ ಹೊತ್ತಿಗೆ ಗಂಗಾವತಿಗೆ ಜನರೇ ನಂಬರು ತಿರುಗಿಸಿಕೊಳ್ಳುವ ಫೋನು ಬಂದು, ನಮ್ಮ ಬೋರ್ಡನ್ನು ಕಳಚಿ ಒಯ್ದಿದ್ದರು. ನನಗೆ ಕೊಪ್ಪಳಕ್ಕೆ ವರ್ಗವಾಗಿತ್ತು. ಸಾವಿತ್ರಕ್ಕ ಕೆಲಸ ಬಿಟ್ಟು ಊರಿಗೆ ಹೋಗಿದ್ದರು. ಮಾರ್ಕ್ಸ್ ಕಾರ್ಡ್ ಕೈಗೆ ಬಂದ ವಾರವೇ ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ಹನುಮಸಾಗರ ತಲುಪಿದೆ. ಅವರು ರೊಟ್ಟಿ ಬಡಿಯುತ್ತಿದ್ದರು. ಕೈ ಒರೆಸಿಕೊಂಡು ಕಾರ್ಡನ್ನು ನೋಡಿ ಪಕ್ಕಕ್ಕಿಟ್ಟು, ಪಾಸಾದದ್ದು ಇರಲಿ, ಆ ನಪಾಸಾದ ಪೇಪರಿನಲ್ಲಿ ಏನಿತ್ತು ಅದನ್ನು ಹೇಳು ಎಂದರು.

ಎದುರಿಗಿದ್ದ ರೊಟ್ಟಿಯನ್ನೇ ಇಟ್ಟುಕೊಂಡು ವಿವರಿಸಿದೆ. ಜೋಳ, ಗಿರಣಿಯ ಬೀಸುವ ಕೂಲಿ, ಕಟ್ಟಿಗೆ, ಹಂಚಿನ ಸವೆತ, ಇವೆಲ್ಲ ಸೇರಿ ಒಂದು ರೊಟ್ಟಿ ಎಷ್ಟಕ್ಕೆ ಬೀಳುತ್ತದೆ ಎಂದು ಲೆಕ್ಕ ಹಿಡಿಯುವ ವಿದ್ಯೆ ಅದು ಎಂದೆ.

"ಮತ್ತ ರೊಟ್ಟಿ ಬಡದಾಕಿ ಕೂಲಿ ಎಲ್ಲಿ ಹಿಡದಿ?"

ಮೂರು ವರ್ಷ ಓದಿಯೂ, ಕಾಸ್ಟಿಂಗಿನ ಮೊದಲ ಪಾಠದಲ್ಲೇ ಇದ್ದದ್ದನ್ನು ನಾನು ಲೆಕ್ಕದಲ್ಲಿ ಬಿಟ್ಟಿದ್ದೆ. ಅವರು ಬಹಳ ಹೊತ್ತು ನಕ್ಕರು. ಹೊರಡುವಾಗ, ಆ ಪುಸ್ತಕಗಳನ್ನು ಕಂಡಕ್ಟರ್ ಕೈಲಿ ಕಳಿಸಿಕೊಡು ಎಂದರು. ಯಾರಿಗೆ ಎಂದು ಕೇಳಿದ್ದಕ್ಕೆ, ಬಸ್ಸಿನ ಹೊತ್ತಾಯಿತು ಎಂದು ನನ್ನ ಚೀಲ ಎತ್ತಿ ಕೊಟ್ಟರು. ಕಳಿಸಿದೆ.

ಮುಂದಿನ ವರ್ಷ ಮತ್ತೆ ಹೋದಾಗ ಮಾಸ್ತರು ಒಬ್ಬರೇ ಇದ್ದರು. ಸಾವಿತ್ರಕ್ಕ ಮಗಳ ಬಾಣಂತನಕ್ಕೆಂದು ಸೊಲ್ಲಾಪುರಕ್ಕೆ ಹೋಗಿದ್ದರಂತೆ. "ಸೀರಿ ಗಂಟು ಇಲ್ಲೇ ಮರತು ಹೋಗ್ಯಾಳ್ರಿ. ಪುಸ್ತಕದ ಗಂಟು ಮರತಿಲ್ಲ" ಎಂದು ಮಾಸ್ತರು ನಕ್ಕರು.

ಸಾವಿತ್ರಕ್ಕ ಅಲ್ಲೇ ಕಾಯಿಲೆ ಬಿದ್ದು ತೀರಿಕೊಂಡರು. ಪರೀಕ್ಷೆ ಕಟ್ಟಿದ್ದರೋ ಇಲ್ಲವೋ ಅವರ ಮಗಳಿಗೂ ಗೊತ್ತಿರಲಿಲ್ಲ. ಪುಸ್ತಕಗಳನ್ನು ತಿರುಗಿ ಕಳಿಸಲೇ ಎಂದು ಆಕೆ ಕಾಗದ ಬರೆದು ಕೇಳಿದಳು. ಬೇಡ, ಅವು ಅವರವೇ ಎಂದು ಬರೆದೆ.